ಚಕ್ರದ ಮೇಲಿನ ಕರಿಬೇವು

ವುಡ್‌ರಿಡ್ಜ್: ಸೌದೆ ಮರಗಳು

ಶಿಕಾಗೋ ವಿಮಾನ ನಿಲ್ದಾಣದಿಂದ ತಂಗಿಯ ಮನೆ ಸೇರುವ ತನಕ ನನ್ನ ಕಣ್ಣಿಗೆ ಒಂದು ಹಸಿರೆಲೆ ಬೀಳಲಿಲ್ಲ. ಯುಗಾದಿ ಕಳೆದಿತ್ತು. ಮೈಸೂರಿನಲ್ಲಿ ಹೊಂಗೆ ಚಿಗುರಿ, ಮಾವಿನ ಮಿಡಿ ಉಪ್ಪಿನಕಾಯಿ ಜಾಡಿ ಸೇರಿಯಾಗಿತ್ತು. ಇಲ್ಲಿ ರಸ್ತೆಯ ಎರಡೂ ಕಡೆ ಮರಗಳು ಸೌದೆ ಡಿಪೋದಿಂದ ತಂದು ನಿಲ್ಲಿಸಿದ ಹಾಗೆ ನಿಂತಿದ್ದವು.

"ಇವಕ್ಕೆಲ್ಲ ಏನಾದ್ರೂ ರೋಗವಾ?" ಎಂದೆ.

ಕಾರು ಓಡಿಸುತ್ತಿದ್ದ ತಂಗಿಯ ಗಂಡ ಪ್ರಸಾದ್ ನಕ್ಕರು. "ಇಲ್ಲ ಅಕ್ಕ, ಮಲಗಿವೆ ಅಷ್ಟೆ. ಇನ್ನೊಂದು ತಿಂಗಳು ತಡೀರಿ, ಗುರುತೇ ಸಿಗಲ್ಲ."

ಪಂಚಾಂಗದಲ್ಲಿ ವಸಂತ ಋತು ಎಂದು ಬರೆದ ಮೇಲೂ ಮಲಗಿರುವ ಮರಗಳ ಮೇಲೆ ನನಗೆ ಗೌರವ ಹುಟ್ಟಲಿಲ್ಲ. ಬ್ಯಾಂಕಿನ ಕೆಲಸದಿಂದ ನಿವೃತ್ತಳಾದ ಮೇಲೆ ಸರಸ್ವತಿಪುರದ ನಮ್ಮ ಮನೆಯ ಕಾಂಪೌಂಡೇ ನನ್ನ ಆಫೀಸು. ಗಿಡಗಳ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಿಲ್ಲ ಎಂದು ನಂಬಿದವಳು ನಾನು.

ಆ ನಂಬಿಕೆ ಮರುದಿನ ಬೆಳಿಗ್ಗೆ ಕಾಫಿ ಕುಡಿಯುವುದರೊಳಗೆ ಅಲ್ಲಾಡಿತು. ಎದ್ದವಳೇ ಅಭ್ಯಾಸಬಲದಿಂದ ಪೊರಕೆ ಹುಡುಕಿ, ಹಿತ್ತಲಿನ ಹೂವಿನ ಪಾತಿಯಲ್ಲಿ ಬಿದ್ದಿದ್ದ ಒಣ ಎಲೆಯನ್ನೆಲ್ಲ ಗುಡಿಸಿ ಒಂದು ಮೂಲೆಗೆ ಗುಡ್ಡೆ ಹಾಕಿದೆ. ಅತಿಥಿಯಾಗಿ ಬಂದು ಕೈಕಟ್ಟಿ ಕೂತಿರುವುದು ನಮ್ಮ ಮನೆತನದಲ್ಲಿಲ್ಲ. ತಂಗಿ ನಳಿನಿ ಕಿಟಕಿಯಿಂದ ನೋಡಿ ಚಪ್ಪಲಿ ಹಾಕಿಕೊಳ್ಳದೆ ಓಡಿಬಂದಳು.

"ಅಯ್ಯೋ ಅಕ್ಕ! ಅದು ಕಸ ಅಲ್ಲ, ಹೊದಿಕೆ. ಚಳಿಗಾಲಕ್ಕೆ ಅಂತ ನಾನೇ ಹೊದಿಸಿದ್ದು."

ಬಗ್ಗಿ ನೋಡಿದರೆ ನಿಜ. ಎಲೆ ಸರಿಸಿದ ಜಾಗದಲ್ಲಿ ಕೆಂಪು ಮೂತಿಗಳು ಮಣ್ಣಿನಿಂದ ಇಣುಕುತ್ತಿದ್ದವು. ಪಿಯೋನಿ ಎಂಬ ಹೂವಿನ ಗಿಡವಂತೆ. ನೆಲದ ಮೇಲಿನದೆಲ್ಲ ಚಳಿಗೆ ಸತ್ತು, ಬೇರು ಮಾತ್ರ ಉಸಿರು ಹಿಡಿದುಕೊಂಡು, ವರ್ಷ ವರ್ಷ ಹೀಗೆ ಎದ್ದು ಬರುತ್ತದಂತೆ. ನಾನು ಗುಡಿಸಿದ ಎಲೆಯನ್ನು ನಾನೇ ಮತ್ತೆ ಹರಡಿದೆ. ಜೀವಮಾನದಲ್ಲಿ ಮೊದಲ ಸಲ ಕಸ ತಂದು ಸುರಿದು ಭೇಷ್ ಅನ್ನಿಸಿಕೊಂಡೆ.

ಅದೇ ವಾರ ಇನ್ನೊಂದು ಪ್ರಸಂಗ. ಪಕ್ಕದ ಮನೆಯ ಟೋನಿ ಎಂಬ ಮುದುಕ ಹಿತ್ತಲಲ್ಲಿ ಗುದ್ದಲಿ ಹಿಡಿದು ಆಳುದ್ದದ ಗುಂಡಿ ಅಗೆಯುತ್ತಿದ್ದ. ಒಳಗೆ ಗೋಣಿ ಸುತ್ತಿದ ಉದ್ದನೆಯದೊಂದು ಕಾಣಿಸಿತು. ಹೆಣವೇ ಎಂದುಕೊಂಡೆ. ಟಿವಿ ಧಾರಾವಾಹಿಗಳನ್ನು ನೋಡಿದವರಿಗೆ ಬೇರೆ ಯೋಚನೆ ಬರುವುದಾದರೂ ಹೇಗೆ? ನಳಿನಿಯನ್ನು ಕೂಗಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಟೋನಿಯ ಹಿರಿಯರು ಇಟಲಿಯವರು. ಅಂಜೂರದ ಗಿಡ ಇಲ್ಲಿನ ಚಳಿ ತಡೆಯುವುದಿಲ್ಲವಾದ್ದರಿಂದ, ಅವನು ಪ್ರತಿ ವರ್ಷ ಚಳಿಗಾಲದ ಮುಂಚೆ ಬೇರಿನ ಒಂದು ಪಕ್ಕ ಸಡಿಲಿಸಿ, ಗಿಡವನ್ನು ಗುಂಡಿಯಲ್ಲಿ ಮಲಗಿಸಿ, ಮಣ್ಣು ಮುಚ್ಚುತ್ತಾನೆ. ವಸಂತ ಬಂದಾಗ ಅಗೆದು ಎಬ್ಬಿಸುತ್ತಾನೆ. ನಾನು ನೋಡುತ್ತಿದ್ದ ಹಾಗೆಯೇ ಗೋಣಿ ಬಿಚ್ಚಿ, ಹಗ್ಗ ಕಟ್ಟಿ, ಗಿಡವನ್ನು ಎಳೆದು ನಿಲ್ಲಿಸಿ, ಅದರ ಕಾಂಡವನ್ನು ಎರಡು ಸಲ ತಟ್ಟಿದ.

ವುಡ್‌ರಿಡ್ಜ್: ರಾಮನವಮಿ

ನಳಿನಿಯ ಮನೆಯ ಹಿಂಭಾಗದಲ್ಲಿ ಮೂರು ಕಡೆ ಗಾಜಿರುವ ಕೋಣೆಯೊಂದಿದೆ. ಸನ್‌ರೂಮ್ ಅನ್ನುತ್ತಾರೆ. ಆರು ತಿಂಗಳು ಅದು ಮನುಷ್ಯರದಲ್ಲ, ಗಿಡಗಳದು. ತುಳಸಿ, ದಾಸವಾಳ, ಮಲ್ಲಿಗೆ, ಇವುಗಳ ನಡುವೆ ದೊಡ್ಡ ಡ್ರಮ್ಮೊಂದರಲ್ಲಿ ಚಾವಣಿಗೆ ತಲೆ ತಾಗಿಸಿಕೊಂಡು ನಿಂತ ಕರಿಬೇವು. ಡ್ರಮ್ಮಿನ ಕೆಳಗೆ ಪ್ರಸಾದ್ ಮಾಡಿಕೊಟ್ಟ ಚಕ್ರದ ಹಲಗೆ. ಬೇಸಿಗೆಯಲ್ಲಿ ಹಿಂದಿನ ಡೆಕ್ಕಿಗೆ, ಅಂದರೆ ಹಲಗೆಯ ಜಗಲಿಗೆ, ದಬ್ಬುವುದು, ಚಳಿ ಬೀಳುವ ಮುಂಚೆ ಒಳಗೆ ಎಳೆದುಕೊಳ್ಳುವುದು. ಹೊರಗೆ ಹೋಗುವುದಕ್ಕೆ ಮುಹೂರ್ತ ಮೇ ತಿಂಗಳ ಮದರ್ಸ್ ಡೇ. ಅದಕ್ಕೆ ಮೊದಲು ಹೊರಗಿಟ್ಟವರು ಅನುಭವಿಸುತ್ತಾರೆ ಎಂಬುದು ಇಲ್ಲಿನ ಸಕಲ ಕನ್ನಡ ಕುಟುಂಬಗಳೂ ಒಪ್ಪಿಕೊಂಡ ವಿಷಯ.

ನಮ್ಮಲ್ಲಿ ತರಕಾರಿಯವನು ಕೊತ್ತಂಬರಿ ಜೊತೆ ಸುಮ್ಮನೆ ತುರುಕಿ ಕೊಡುವ ಸೊಪ್ಪಿಗೆ ಈ ರಾಜೋಪಚಾರ ಕಂಡು ನಾನು ಕಿಚಾಯಿಸಿದೆ. "ಊಟದ ತಟ್ಟೆಯಲ್ಲಿ ಪಕ್ಕಕ್ಕೆ ಎತ್ತಿಡೋದಕ್ಕೆ ಇಷ್ಟೆಲ್ಲ ಮಾಡ್ತೀಯಲ್ಲೇ!" ನಳಿನಿಯ ಮಗಳು ಅನು ನನ್ನ ಕಿವಿಯಲ್ಲಿ, "ದೊಡ್ಡಮ್ಮ, ಶೀ ಟಾಕ್ಸ್ ಟು ಇಟ್," ಎಂದಳು. ನಿಜವೇ. ಬೆಳಿಗ್ಗೆ ಕ್ಲಿನಿಕ್ಕಿಗೆ ಹೊರಡುವ ಮುಂಚೆ ನಳಿನಿ ನೀರಿನ ಚೊಂಬು ಹಿಡಿದು ಅದರ ಹತ್ತಿರ ಏನೋ ಹೇಳುತ್ತಿದ್ದುದನ್ನು ನಾನೂ ಕೇಳಿದೆ. ರೋಗಿಗಳ ಹಲ್ಲು ಕೀಳುವ ಡಾಕ್ಟರಮ್ಮ, "ಏನೋ ಮರಿ, ಬಿಸಿಲು ಬಂತಾ?" ಅನ್ನುತ್ತಿದ್ದಳು.

ಆ ಸುತ್ತಿನ ಕನ್ನಡದವರ ಮನೆಗಳಲ್ಲಿರುವ ಕರಿಬೇವೆಲ್ಲ ಇದರ ಸಂತಾನ. ಬುಡದಲ್ಲಿ ಏಳುವ ಮರಿಗಳನ್ನು ಜನ ಒಯ್ಯುತ್ತಾರೆ. ಆದರೆ ನಳಿನಿ ಕೈಯಾರೆ ಕೊಡುವುದಿಲ್ಲ. ಕೇಳಿ ತಂದದ್ದಕ್ಕಿಂತ ಕದ್ದು ತಂದ ಗಿಡ ಚೆನ್ನಾಗಿ ಬರುತ್ತದೆ ಎಂದು ನಮ್ಮ ಅಮ್ಮ ನಂಬಿದ್ದಳು, ಇವಳು ಆ ನಂಬಿಕೆಯನ್ನು ಸಮುದ್ರ ದಾಟಿಸಿದ್ದಾಳೆ. ಗಿಡ ಬೇಕಾದವರು ಬಂದರೆ, "ನಾನು ಕಾಫಿ ಮಾಡಕ್ಕೆ ಹೋಗ್ತೀನಿ, ಸ್ವಲ್ಪ ಹೊತ್ತಾಗುತ್ತೆ," ಎಂದು ಅಡುಗೆಮನೆಗೆ ನಡೆಯುತ್ತಾಳೆ. ಸನ್‌ರೂಮಿನ ಕಿಟಕಿ ಕಟ್ಟೆಯ ಮೇಲೆ ಮಣ್ಣು ಕೆದಕುವ ಪುಟ್ಟ ಸಲಿಕೆ ಸಿದ್ಧವಾಗಿರುತ್ತದೆ. ಕಾಫಿ ಬರುವಷ್ಟರಲ್ಲಿ ಕಳ್ಳತನ ಮುಗಿದಿರುತ್ತದೆ. ಇಬ್ಬರೂ ಬೇರೆ ಮಾತಾಡುತ್ತಾ ಕಾಫಿ ಕುಡಿಯುತ್ತಾರೆ.

ರಾಮನವಮಿಗೆ ನಳಿನಿಯ ಮನೆಯಲ್ಲಿ ಪಾನಕ, ಕೋಸಂಬರಿ, ಭಜನೆ. ಹಾಲ್ ಸಾಲದೆಂದು ಸನ್‌ರೂಮನ್ನೂ ಖಾಲಿ ಮಾಡಿದೆವು. ಕೆಲವು ದಿನಗಳಿಂದ ಬಿಸಿಲು ಚೆನ್ನಾಗಿತ್ತು. ಎಪ್ಪತ್ತು ಡಿಗ್ರಿ ಎಂದು ಎಲ್ಲರೂ ಹಿಗ್ಗುತ್ತಿದ್ದರು. ಇಲ್ಲಿನ ಫ್ಯಾರನ್‌ಹೀಟ್ ಲೆಕ್ಕದ ಎಪ್ಪತ್ತು ಅಂದರೆ ನಮ್ಮಲ್ಲಿ ಸ್ವೆಟರ್ ಹುಡುಕುವ ಹವೆ. ಗಿಡಗಳನ್ನೆಲ್ಲ ಡೆಕ್ಕಿಗೆ ಸಾಗಿಸಿದೆವು. ಕರಿಬೇವನ್ನು ಪ್ರಸಾದ್, ಅನು, ನಾನು ಸೇರಿ ದಬ್ಬಿದೆವು. ಸಂಜೆ ಒಳಗೆ ತಂದರಾಯಿತು ಎಂಬುದು ಎಲ್ಲರ ಲೆಕ್ಕ.

ಸಂಜೆ ಏನಾಯಿತೆಂದು ಆಮೇಲೆ ಎಷ್ಟು ಸಲ ಮಾತಾಡಿದೆವೋ. ಬಂದವರನ್ನು ಬೀಳ್ಕೊಟ್ಟು, ಪಾತ್ರೆ ತೊಳೆದು, ಉಳಿದ ಕೋಸಂಬರಿಯನ್ನು ಡಬ್ಬಿಗೆ ತುಂಬಿದೆವು. ಸಣ್ಣ ಕುಂಡಗಳನ್ನು ಅನು ಒಳಗೆ ತಂದಿಟ್ಟಳು. ದೊಡ್ಡದನ್ನು ಪ್ರಸಾದ್ ತರುತ್ತಾರೆಂದು ನಳಿನಿ ತಿಳಿದಳು. ಪೂಜೆಯ ಮಣೆ ಇನ್ನೂ ಸನ್‌ರೂಮಿನಲ್ಲೇ ಇದ್ದುದರಿಂದ, ನಳಿನಿ ಅದನ್ನು ತೆಗೆದ ಮೇಲೆ ಕರೆಯುತ್ತಾಳೆಂದು ಪ್ರಸಾದ್ ತಿಳಿದರು. ದೇವರನ್ನು ಅವಸರದಲ್ಲಿ ಎಬ್ಬಿಸಬಾರದು, ಬೆಳಿಗ್ಗೆ ತೆಗೆದರಾಯಿತು ಎಂದವಳು ನಾನು.

ಬೆಳಿಗ್ಗೆ ಎದ್ದಾಗ ಹಿತ್ತಲ ಹುಲ್ಲೆಲ್ಲ ಬೆಳ್ಳಗಿತ್ತು. ರಾತ್ರಿಯ ಇಬ್ಬನಿ ಹೆಪ್ಪುಗಟ್ಟಿ, ಯಾರೋ ಪುಡಿ ಉಪ್ಪು ಚೆಲ್ಲಿದ ಹಾಗೆ. ಎಷ್ಟು ಚೆನ್ನಾಗಿದೆ ಎಂದು ಫೋಟೋ ತೆಗೆಯಲು ಫೋನ್ ತಂದೆ. ಅಷ್ಟರಲ್ಲಿ ಹಿಂದಿನಿಂದ ನಳಿನಿ ಒಂದು ಸದ್ದು ಮಾಡಿದಳು. ಅದು ಮಾತಲ್ಲ, ಅಳುವೂ ಅಲ್ಲ. ಕರಿಬೇವಿನ ಎಲೆಗಳು ನೀರಿನಲ್ಲಿ ಬೇಯಿಸಿದ ಸೊಪ್ಪಿನಂತೆ ಕಡುಗಪ್ಪಾಗಿ ಜೋತುಬಿದ್ದಿದ್ದವು. ಮಧ್ಯಾಹ್ನದ ಹೊತ್ತಿಗೆ ಡೆಕ್ಕಿನ ತುಂಬ ಕಪ್ಪು ಎಲೆ ಉದುರಿತು. ಅದನ್ನು ಗುಡಿಸಲು ನನಗೆ ಕೈ ಬರಲಿಲ್ಲ.

ನಳಿನಿ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಡ್ರಮ್ಮನ್ನು ಒಳಗೆ ಎಳೆದುಕೊಂಡು ದಿನಾ ಅದಕ್ಕೆ ನೀರು ಹಾಕುತ್ತಿದ್ದಳು, ಆದರೆ ಅದರ ಜೊತೆ ಮಾತು ನಿಲ್ಲಿಸಿಬಿಟ್ಟಳು. ಬೇಲಿಯಾಚೆಯಿಂದ ವಿಷಯ ತಿಳಿದ ಟೋನಿ ಬಂದು ನೋಡಿ, "ಗಿವ್ ಇಟ್ ಟಿಲ್ ಜೂನ್," ಎಂದು ಹೇಳಿಹೋದ. ಮಣ್ಣಿನಲ್ಲಿ ಹೂತ ಗಿಡವನ್ನು ಎಬ್ಬಿಸುವವನು ಇನ್ನೇನು ಹೇಳಿಯಾನು ಎಂದುಕೊಂಡೆ.

ಮಿಶಿಗನ್ ದಾರಿ

ಅನುವಿಗೆ ಸೌತ್‌ಫೀಲ್ಡಿನ ಕಾಲೇಜೊಂದನ್ನು ತೋರಿಸಬೇಕಿತ್ತು. ಪ್ರಸಾದರಿಗೆ ರಜೆ ಇರಲಿಲ್ಲ. ನಾವು ಮೂವರು ಹೆಂಗಸರು ಚಪಾತಿ, ಚಟ್ನಿಪುಡಿ, ಮೊಸರನ್ನ ಕಟ್ಟಿಕೊಂಡು ಕಾರು ಹತ್ತಿದೆವು. ಉಳಿದುಕೊಳ್ಳುವುದು ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿ, ನಳಿನಿಯ ಹಳೆಯ ಗೆಳತಿ ಗಿರಿಜಾಳ ಮನೆಯಲ್ಲಿ.

ಈ ದೇಶದಲ್ಲಿ ಊರಿಂದ ಊರಿಗೆ ಹೋದರೂ ದಾರಿಯಲ್ಲಿ ಊರೇ ಸಿಗುವುದಿಲ್ಲ, ಹೆದ್ದಾರಿಯಿಂದ ಹೊರಬೀಳುವ ಎಕ್ಸಿಟ್ ನಂಬರುಗಳು ಸಿಗುತ್ತವೆ. ಒಂದು ಎಕ್ಸಿಟ್ಟಿನಲ್ಲಿ ಇಳಿದು, ವಿಶ್ರಾಂತಿ ತಾಣದ ಬೆಂಚಿನ ಮೇಲೆ ಬುತ್ತಿ ಬಿಚ್ಚಿದೆವು. ಗಾಳಿ ಎಷ್ಟಿತ್ತೆಂದರೆ ಚಟ್ನಿಪುಡಿ ಅರ್ಧ ಪಕ್ಕದ ಲಾರಿಯವನ ಪಾಲಾಯಿತು. ಅವನು ಒಂದೆರಡು ಸಲ ಸೀನಿ, ನಮ್ಮತ್ತ ನೋಡಿ ಕೈ ಬೀಸಿದ. ಸೀನಿಸಿದವರಿಗೂ ಕೈ ಬೀಸುವ ಸಜ್ಜನಿಕೆ ನಮ್ಮ ಹೆದ್ದಾರಿಗಳಲ್ಲಿ ನಾನು ಕಂಡಿಲ್ಲ.

ಅನು ಕಾರಿನಲ್ಲಿ ಕಿವಿಗೆ ಹಾಡು ಸಿಕ್ಕಿಸಿಕೊಂಡು ನಿದ್ದೆ ಹೋದ ಮೇಲೆ, ನಳಿನಿ ರಸ್ತೆ ನೋಡುತ್ತಲೇ ಹೇಳಿದಳು.

"ನಾನಿಲ್ಲಿಗೆ ಬಂದ ಮೊದಲನೇ ವರ್ಷ ನಿಂಗೆ ಗೊತ್ತಿಲ್ಲ ಅಕ್ಕ. ನನ್ನ ಡಿಗ್ರಿ ಇಲ್ಲಿ ನಡೀತಿರ್ಲಿಲ್ಲ, ಮತ್ತೆ ಓದ್ಬೇಕಿತ್ತು. ಕಾರ್ ಓಡ್ಸೋಕೆ ಬರ್ತಿರ್ಲಿಲ್ಲ. ಇವರು ಬೆಳಿಗ್ಗೆ ಹೋದ್ರೆ ಸಂಜೆ. ಹೊರಗಡೆ ಹಿಮ. ದೇವಸ್ಥಾನದಲ್ಲಿ ಒಬ್ರು ಅಜ್ಜಿ ಕರಿಬೇವಿನ ಹಣ್ಣು ಕೊಟ್ಟಿದ್ರು. ಮೊಸರಿನ ಡಬ್ಬೀಲಿ ಬೀಜ ಹಾಕ್ದೆ. ಮೊಳಕೆ ಬಂದಾಗ ಅದರ ಹತ್ರ ಮಾತಾಡಕ್ಕೆ ಶುರು ಮಾಡ್ದೆ. ಹಗಲೆಲ್ಲ ನಾನು ಬಾಯಿಬಿಟ್ಟು ಕನ್ನಡ ಆಡ್ತಿದ್ದಿದ್ದೇ ಅದರ ಜೊತೆ."

ಆ ವರ್ಷ ನಾನು ಮೈಸೂರಿನಲ್ಲಿ ಎಲ್ಲರಿಗೂ, ನಮ್ಮ ನಳಿನಿ ಅಮೆರಿಕದಲ್ಲಿ ಸುಖವಾಗಿದ್ದಾಳೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಅವಳ ಭುಜದ ಮೇಲೆ ಕೈಯಿಟ್ಟೆ. ಗಿಡವನ್ನು ನೋಡಿ ಕಿಚಾಯಿಸಿದ್ದು ನೆನಪಾಗಿ ನಾಚಿಕೆಯಾಯಿತು.

ಗಿರಿಜಾ ಆಗ ನಳಿನಿಯಿದ್ದ ಅಪಾರ್ಟ್‌ಮೆಂಟಿಗೆ ಬಂದ ಎರಡನೇ ಕನ್ನಡತಿ. ಕರಿಬೇವಿನ ಮೊದಲ ಮರಿಯನ್ನು ಕದ್ದವಳು ಅವಳೇ.

ವೆಸ್ಟ್ ಬ್ಲೂಮ್‌ಫೀಲ್ಡ್: ಚಹಾ ಆರುವಷ್ಟರಲ್ಲಿ

ಗಿರಿಜಾ ಧಾರವಾಡದವಳು. ದನಿ ದೊಡ್ಡದು, ಮನಸ್ಸೂ ದೊಡ್ಡದು. ಬಾಗಿಲಲ್ಲೇ ನಳಿನಿಯನ್ನು ಅಪ್ಪಿಕೊಂಡು, "ಎಷ್ಟ್ ಸೊರಗೀಯಲ್ಲ!" ಎಂದಳು. ನಳಿನಿಯ ಮೈ ಸೊರಗಿರಲಿಲ್ಲ, ಆದರೆ ಆ ಮಾತು ಸರಿಯಾಗಿತ್ತು.

ಊಟವಾದ ಮೇಲೆ ನಮ್ಮಿಬ್ಬರನ್ನೂ ಬೇಸ್‌ಮೆಂಟಿಗೆ ಕರೆದೊಯ್ದಳು. ಅಲ್ಲಿ ಬಿಸಿಲಿನ ಬದಲಿಗೆ ಹಾಕಿದ ನೇರಳೆ ಬಣ್ಣದ ದೀಪದ ಕೆಳಗೆ, ಹೊಳೆಯುವ ಎಲೆ ಬಿಟ್ಟುಕೊಂಡು ಒಂದು ಕರಿಬೇವು. ನಳಿನಿಯ ಗಿಡದ ಮಗಳು. ಬುಡದಲ್ಲಿ ಬೆರಳುದ್ದದ ಮರಿಗಳು. ಗಿರಿಜಾ ಒಂದು ಸಣ್ಣ ಸಲಿಕೆಯನ್ನು ತಂದು ಕುಂಡದ ಅಂಚಿನ ಮೇಲಿಟ್ಟಳು.

"ನಾ ಮ್ಯಾಲೆ ಚಾ ಮಾಡಲಿಕ್ಕೆ ಹೋಗ್ತೀನಿ. ಭಾಳ ಹೊತ್ತು ಆಗ್ತದ. ತಿರುಗಿ ಸೈತ ನೋಡಂಗಿಲ್ಲ," ಎಂದು ಮೆಟ್ಟಿಲು ಹತ್ತಿದಳು.

ನಳಿನಿ ಸಲಿಕೆ ಎತ್ತಿಕೊಂಡಳು. ಒಂದು ಮರಿಯ ಪಕ್ಕ ಮಣ್ಣಿಗೆ ಚುಚ್ಚಿದಳು. ಅಲ್ಲಿಗೇ ನಿಂತಳು.

"ತಗೊಳ್ಳೇ, ಯಾರೂ ನೋಡ್ತಿಲ್ಲ," ಎಂದೆ.

"ನಂಗಾಗಲ್ಲ ಅಕ್ಕ. ಇದನ್ನ ತಗೊಂಡು ಹೋದ್ರೆ, ಅದು ಸತ್ತೋಯ್ತು ಅಂತ ನಾನೇ ಒಪ್ಕೊಂಡಂಗೆ." ಸಲಿಕೆಯನ್ನು ಇದ್ದಲ್ಲೇ ಇಟ್ಟು, ಸೆರಗಿಲ್ಲದ್ದರಿಂದ ತೋಳಿನಲ್ಲೇ ಕಣ್ಣೊರೆಸಿಕೊಂಡು, ಮೇಲೆ ಹೋಗಿಬಿಟ್ಟಳು.

ನಾನು ಒಬ್ಬಳೇ ಉಳಿದೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಬೇರೆಯವರ ಹಣ ಎಣಿಸಿದ ಕೈ ಇದು, ಒಂದು ಗುಂಡುಸೂಜಿಯನ್ನೂ ಮನೆಗೆ ತಂದದ್ದಿಲ್ಲ. ಅದೇ ಕೈಯಿಂದ ಒಂದು ಮರಿಯನ್ನು ಬೇರು ಸಮೇತ ಎಬ್ಬಿಸಿ, ಒದ್ದೆ ಪೇಪರ್ ಟವಲ್ಲಿನಲ್ಲಿ ಸುತ್ತಿ, ಕೈಚೀಲದಲ್ಲಿ ಬಿಪಿ ಮಾತ್ರೆಗಳ ಪಕ್ಕ ಇಟ್ಟುಕೊಂಡೆ.

ಗಿರಿಜಾ ಕರೆಯಲು ಬಂದವಳು ಕುಂಡದತ್ತ ನೋಡಿದಳು, ನನ್ನ ಉಗುರಿನ ಮಣ್ಣು ನೋಡಿದಳು. ಕುಂಡದಲ್ಲಾಗಿದ್ದ ಗುಳಿಯನ್ನು ಹೆಬ್ಬೆರಳಿನಿಂದ ಒತ್ತಿ ಸಮ ಮಾಡಿದಳು.

"ಚಾ ಆರ್ತದ, ಬರ್ರಿ ಅಕ್ಕಾರ."

ಮತ್ತೆ ವುಡ್‌ರಿಡ್ಜ್

ಹಿಂತಿರುಗಿದಾಗ ಪ್ರಸಾದ್ ಹೇಳಿದ್ದು ಸುಳ್ಳಾಗಿರಲಿಲ್ಲ. ಬೀದಿಯ ಗುರುತೇ ಸಿಗಲಿಲ್ಲ. ಸೌದೆಗಳೆಲ್ಲ ಮರಗಳಾಗಿದ್ದವು. ಪಿಯೋನಿಯ ಕೆಂಪು ಮೂತಿಗಳು ಮೊಣಕಾಲೆತ್ತರದ ಪೊದೆಯಾಗಿ ಮೊಗ್ಗು ಕಟ್ಟಿದ್ದವು. ಎಲ್ಲರ ಹುಲ್ಲು ಒಟ್ಟಿಗೆ ಎದ್ದು, ಎಲ್ಲರೂ ಒಟ್ಟಿಗೆ ಯಂತ್ರ ಹಿಡಿದು ಕತ್ತರಿಸುತ್ತಿದ್ದರು. ಇಲ್ಲಿ ವಸಂತ ನಮ್ಮಲ್ಲಿಯ ಹಾಗೆ ನೆಂಟನಂತೆ ಬಂದು ಕೂರುವುದಿಲ್ಲ, ರೈಲು ತಪ್ಪೀತೆಂದು ಹೆದರಿದವನಂತೆ ಓಡುತ್ತದೆ. ಟೋನಿಯ ಅಂಜೂರದಲ್ಲೂ ಬೆರಳ ತುದಿಯಷ್ಟು ಹಸಿರು ಕಾಣಿಸಿತ್ತು.

ಕರಿಬೇವು ಮಾತ್ರ ಕೋಲಿನ ಹಾಗೆ ನಿಂತಿತ್ತು. ಮದರ್ಸ್ ಡೇ ಕಳೆದ ಮೇಲೆ ಡ್ರಮ್ಮನ್ನು ಡೆಕ್ಕಿಗೆ ದಬ್ಬಿದೆವು. ನಳಿನಿ ಕಾಂಡವನ್ನು ಉಗುರಿನಿಂದ ಕೆರೆಯುತ್ತಾ ಮೇಲಿನಿಂದ ಕೆಳಕ್ಕೆ ಬಂದಳು. ಕೆರೆದಲ್ಲೆಲ್ಲ ಕಂದು. ಗರಗಸ ತಂದು, ಬುಡದಲ್ಲಿ ಒಂದು ಗೇಣು ಬಿಟ್ಟು, ತಾನೇ ಕೊಯ್ದಳು. ಪ್ರಸಾದ್ ಸಹಾಯಕ್ಕೆ ಹೋದರೆ ಬೇಡವೆಂದಳು. ಕೊಯ್ದ ಕೊಂಬೆಗಳಿಂದ ಕೂಡ ಆ ಪರಿಮಳ ಬಂತು. ನಾವೆಲ್ಲರೂ ಒಂದೊಂದು ನೆಪ ಮಾಡಿಕೊಂಡು ಒಳಗೆ ಹೋದೆವು.

ಇಷ್ಟು ದಿನ ನಾನು ಕದ್ದ ಮರಿಯನ್ನು ನನ್ನ ಕೋಣೆಯ ಕಿಟಕಿಯಲ್ಲಿ, ಪರದೆಯ ಹಿಂದೆ, ಕಾಗದದ ಲೋಟದಲ್ಲಿ ಸಾಕುತ್ತಿದ್ದೆ. ನಳಿನಿ ಕ್ಲಿನಿಕ್ಕಿಗೆ ಹೋದ ಹೊತ್ತು ನೋಡಿ ಅದನ್ನು ಡ್ರಮ್ಮಿನಲ್ಲಿ, ಮೋಟು ಕಾಂಡಕ್ಕೆ ಒತ್ತಿ ನೆಟ್ಟೆ. ಮೇಲೆ ಒಣ ಎಲೆ ಹೊದಿಸಿದೆ. ಆ ವಿದ್ಯೆಯನ್ನು ಕಲಿತಾಗಿತ್ತಲ್ಲ. ಎಲೆಯ ಕೆಳಗಿಂದ ಚಿಗುರು ಇಣುಕಿದ ದಿನ ನಳಿನಿ ತನ್ನ ಗಿಡವೇ ಎದ್ದಿತೆಂದು ತಿಳಿಯಲಿ, ಮತ್ತೆ ಮಾತಾಡಲಿ. ಸುಳ್ಳು ಎಂದು ಗೊತ್ತಿತ್ತು. ಆದರೂ ಆ ಮೌನವನ್ನು ನೋಡಿಕೊಂಡು ವಿಮಾನ ಹತ್ತಲು ನನ್ನಿಂದಾಗಲಿಲ್ಲ.

ಮೇ ಕೊನೆಯಲ್ಲಿ ನಾನು ಹೊರಟೆ. ಹೊರಡುವ ಬೆಳಿಗ್ಗೆಯೂ ನಳಿನಿ ಆ ಮೋಟಿಗೆ ಚೊಂಬಿನಿಂದ ನೀರು ಹಾಕಿದಳು. ಬಾಯಿ ತೆರೆಯಲಿಲ್ಲ.

ಸರಸ್ವತಿಪುರಂ

ಮನೆಗೆ ಬಂದ ಮಾರನೇ ದಿನವೇ ತರಕಾರಿಯವನು ಕೇಳದೆ ಒಂದು ಹಿಡಿ ಕರಿಬೇವನ್ನು ಚೀಲಕ್ಕೆ ತುರುಕಿದ. "ಊರಿಗೆ ಹೋಗಿದ್ರಾ ಅಮ್ಮಾ?" ಎಂದ. ಹೂಂ ಎಂದೆ. ನಮ್ಮ ಕಾಂಪೌಂಡಿನ ಕರಿಬೇವಿನ ಸುತ್ತ ಮಳೆಗೆ ಹತ್ತಾರು ಮರಿ ಎದ್ದಿದ್ದವು. ಪ್ರತಿ ವರ್ಷ ಕಳೆಯೆಂದು ಕಿತ್ತೆಸೆಯುತ್ತಿದ್ದೆ. ಈ ಸಲ ಬಗ್ಗಿದವಳು ಹಾಗೇ ಎದ್ದೆ.

ಜೂನ್ ಕೊನೆಯಲ್ಲಿ ಒಂದು ಸಂಜೆ ನಳಿನಿಯ ವಿಡಿಯೋ ಕರೆ ಬಂತು. ಅಲ್ಲಿ ಬೆಳಿಗ್ಗೆ. ಡೆಕ್ಕಿನ ಮೇಲೆ ಬಿಸಿಲಿತ್ತು.

"ಅಕ್ಕ, ನೀನು ನೆಟ್ಟಿದ್ದು ಬದುಕ್ಲಿಲ್ಲ ಕಣೇ. ನೀನು ಹೋದ ವಾರಕ್ಕೇ ಬಾಡ್ತು."

"ಯಾವುದೇ?" ಎಂದು ನಾಟಕವಾಡಲು ನೋಡಿದೆ.

"ಸಾಕು ಸುಮ್ನಿರು. ಆ ಮಣ್ಣಲ್ಲಿ ಇಷ್ಟು ವರ್ಷ ಕೈಯಾಡಿಸಿದೀನಿ, ಯಾರೋ ತೋಡಿದ್ದು ಗೊತ್ತಾಗಲ್ವಾ? ನಿಂಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ. ಎರಡಕ್ಕೂ ಸೇರಿಸಿ ನೀರು ಹಾಕ್ತಿದ್ದೆ." ಫೋನನ್ನು ಡ್ರಮ್ಮಿನತ್ತ ತಿರುಗಿಸಿದಳು. "ಇಲ್ಲಿ ನೋಡು."

ಕ್ಯಾಮೆರಾ ಕೆಳಗಿಳಿಯಿತು. ನನ್ನ ಮರಿ ಒಣ ಕಡ್ಡಿಯಾಗಿ ಒರಗಿತ್ತು. ಅದರಿಂದ ಅಂಗೈಯಷ್ಟು ದೂರದಲ್ಲಿ, ನಾನು ಕೈಯೇ ಹಾಕದಿದ್ದ ಕಡೆ, ಹಳೆಯ ಬೇರಿನಿಂದ ಕೆಂಪು ಛಾಯೆಯ ಚಿಗುರೊಂದು ಮಣ್ಣು ಸೀಳಿಕೊಂಡು ಮೇಲೆ ಬಂದಿತ್ತು. ಎಲೆ ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. ನನಗೆ ಅಳು ಬಂತು, ತಡೆಯಲಿಲ್ಲ.

"ಇದು ಅದರದ್ದೇ ಅಕ್ಕ," ಎಂದಳು ನಳಿನಿ. "ಇರು, ನೀರು ಹಾಕಿ ಬರ್ತೀನಿ."

ಫೋನನ್ನು ಡೆಕ್ಕಿನ ಕಟಕಟೆಯ ಮೇಲೆ ಅಂಗಾತ ಇಟ್ಟಳು. ನನಗೆ ಶಿಕಾಗೋದ ನೀಲಿ ಆಕಾಶ ಮಾತ್ರ ಕಾಣುತ್ತಿತ್ತು. ನಲ್ಲಿಯ ಸದ್ದು, ಚೊಂಬಿನ ಸದ್ದು. ಆಮೇಲೆ ಮೆಲುದನಿಯಲ್ಲಿ, "ಏನೋ ಮರಿ..." ಎಂದು ಶುರುವಾಯಿತು.

ನಾನು ಫೋನನ್ನು ಮೇಜಿನ ಮೇಲೆ ಬಿಟ್ಟು, ಕಾಫಿ ಮಾಡಲು ಒಳಗೆ ಹೋದೆ.